ಹಳೆಯ ಹೆಸರನ್ನು ಮೊಟಕುಗೊಳಿಸಬೇಕೇ? ಮುಂಬಯಿಯ ಕನ್ನಡಿಗ ವ್ಯಾಪಾರಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ಬೋರ್ಡು, ಮೆನು ಕಾರ್ಡು, ಪಾರ್ಸೆಲ್ ಡಬ್ಬಿ, ಲೋಗೊ ಮಾಡಿಕೊಡುವುದು ನಮ್ಮ ಕಸುಬು. ಗಿರಾಕಿಗಳಲ್ಲಿ ಹೆಚ್ಚಿನವರು ಊರ ಕಡೆಯವರೇ: ಹೋಟೆಲು, ಕ್ಯಾಟರಿಂಗ್, ಮಸಾಲೆ ಪುಡಿ, ಲಾರಿ ಸಾರಿಗೆ ನಡೆಸುವವರು. ಗಲ್ಲಾ ಅಪ್ಪನ ಕೈಯಿಂದ ಮಗನ ಅಥವಾ ಮಗಳ ಕೈಗೆ ಬರುವ ಹೊತ್ತಿಗೆ ಹೆಸರಿನ ತಕರಾರು ಎದ್ದೇ ಏಳುತ್ತದೆ. ಫೋನಿನಲ್ಲಿ ಹೇಳಿದ್ದನ್ನೇ ಹೇಳಿ ಸಾಕಾಗಿ ಇಲ್ಲಿ ಬರೆದಿಟ್ಟಿದ್ದೇವೆ.

ಹೆಸರನ್ನು ಚಿಕ್ಕದು ಮಾಡಿದರೆ ವ್ಯಾಪಾರ ಹೆಚ್ಚುತ್ತದೆಯೇ?

ಬರೀ ಹೆಸರಿನಿಂದ ಹೆಚ್ಚುವುದಿಲ್ಲ. ಬೋರ್ಡು ಬದಲಾದ ಮಾತ್ರಕ್ಕೆ ಸಾಂಬಾರಿನ ರುಚಿ ಬದಲಾಗುವುದಿಲ್ಲ. ಆದರೆ ಗಿರಾಕಿಗಳು ಆಗಲೇ ನಿಮ್ಮನ್ನು ಗಿಡ್ಡ ಹೆಸರಿನಿಂದ ಕರೆಯುತ್ತಿದ್ದು, ಬೋರ್ಡು ಮಾತ್ರ ಉದ್ದವಾಗಿ ಉಳಿದಿದ್ದರೆ ಮೊಟಕುಗೊಳಿಸುವುದರಲ್ಲಿ ಲಾಭವಿದೆ. ಯಾರ ಬಾಯಲ್ಲೂ ಇಲ್ಲದ ಹೆಸರನ್ನು ಮಾಲೀಕರೇ ಕೂತು ಕತ್ತರಿಸಿ ಹೊರಡಿಸಿದರೆ ಕೈಯಿಂದ ಹಣ ಹೋಗುವುದೇ ಹೆಚ್ಚು. ಕೆಳಗಿನ ಉತ್ತರಗಳೆಲ್ಲ ಬಹುಮಟ್ಟಿಗೆ ಇದೇ ಮಾತಿನ ಸುತ್ತ ತಿರುಗುತ್ತವೆ.

ಹಾಗಾದರೆ ದೊಡ್ಡ ಕಂಪನಿಗಳು ಕೋಟಿಗಟ್ಟಲೆ ಸುರಿದು ಹೆಸರು ಬದಲಿಸುವುದೇಕೆ?

ಒಬ್ಬೊಬ್ಬರದು ಒಂದೊಂದು ಕಾರಣ. ಅಮೆರಿಕದ ಕೊರಿಯರ್ ಕಂಪನಿ ಫೆಡರಲ್ ಎಕ್ಸ್‌ಪ್ರೆಸ್ 1994ರಲ್ಲಿ ಫೆಡೆಕ್ಸ್ ಎಂಬ ಹೆಸರನ್ನು ತನ್ನ ಗುರುತಾಗಿ ಮಾಡಿಕೊಂಡಿತು. ಅಷ್ಟರಲ್ಲಿ ಆ ಗಿಡ್ಡ ಹೆಸರು ಗಿರಾಕಿಗಳ ಬಾಯಲ್ಲಿ ಕ್ರಿಯಾಪದದಂತೆಯೇ ಬಳಕೆಯಾಗುತ್ತಿತ್ತು. ಕಂಪನಿ ಮಾಡಿದ್ದು ಅದಕ್ಕೆ ಮೊಹರು ಒತ್ತಿದ್ದಷ್ಟೇ. ಜೊತೆಗೆ ಇನ್ನೊಂದು ಲಾಭ: ವಿಮಾನ, ಲಾರಿಗಳ ಪಕ್ಕದ ಜಾಗ ಅಷ್ಟೇ, ಅಕ್ಷರ ಕಡಿಮೆ, ಆದ್ದರಿಂದ ಒಂದೊಂದು ಅಕ್ಷರವನ್ನೂ ಮೊದಲಿಗಿಂತ ಬಹಳ ದೊಡ್ಡದಾಗಿ ಬರೆಯಲು ಬಂತು. ಬೋರ್ಡಿನವರಾದ ನಮಗೆ ಈ ಕಾರಣ ಉಳಿದೆಲ್ಲಕ್ಕಿಂತ ಬೇಗ ಅರ್ಥವಾಗುತ್ತದೆ.

ಅಮೆರಿಕದ ಕಾಫಿ–ತಿಂಡಿ ಅಂಗಡಿಗಳ ಸರಣಿ ಡಂಕಿನ್ ಡೋನಟ್ಸ್ 2019ರ ಜನವರಿಯಿಂದ ಬರೀ ಡಂಕಿನ್ ಆಯಿತು. ಅಲ್ಲಿನ ಅಂಗಡಿಗಳಲ್ಲಿ ಸುಮಾರು ಶೇ 60ರಷ್ಟು ವಹಿವಾಟು ಕಾಫಿಯೂ ಸೇರಿದಂತೆ ಪಾನೀಯಗಳದ್ದು. ಹೆಸರಿನಲ್ಲಿ ಮಾತ್ರ ತಿಂಡಿ ಕುಳಿತಿತ್ತು. ಅಕ್ಷರದ ಶೈಲಿಯನ್ನಾಗಲಿ, ಕಿತ್ತಳೆ–ಗುಲಾಬಿ ಬಣ್ಣವನ್ನಾಗಲಿ ಅವರು ಮುಟ್ಟಲಿಲ್ಲ ಎಂಬುದನ್ನು ಗಮನಿಸಿ. ಹೆಸರಿನ ಅರ್ಧ ಹೋದರೂ ದೂರದಿಂದ ನೋಡಿದವರಿಗೆ ಅಂಗಡಿ ಅದೇ ಅಂಗಡಿ.

ಪುಣೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಟಾಟಾ ಎಂಜಿನಿಯರಿಂಗ್ ಆ್ಯಂಡ್ ಲೋಕೊಮೋಟಿವ್ ಕಂಪನಿ, ಅಂದರೆ ಟೆಲ್ಕೊ, 2003ರಲ್ಲಿ ಟಾಟಾ ಮೋಟರ್ಸ್ ಆಯಿತು. ರೈಲ್ವೆ ಎಂಜಿನ್ ತಯಾರಿಸುವುದನ್ನು ಬಿಟ್ಟು ದಶಕಗಳೇ ಕಳೆದಿದ್ದವು, ಲಾರಿಯ ಜೊತೆಗೆ ಕಾರೂ ಬಂದಿತ್ತು. ಹೆಸರು ವ್ಯವಹಾರದ ಹಿಂದೆ ಬಿದ್ದುಹೋಗಿತ್ತು, ಅದನ್ನು ಎಳೆದು ಮುಂದಕ್ಕೆ ತಂದರು. ಆದರೂ ಪಿಂಪ್ರಿ–ಚಿಂಚ್‌ವಡದಲ್ಲಿ ಇಂದಿಗೂ ಟೆಲ್ಕೊ ರಸ್ತೆ ಇದೆ, ಹಳಬರ ಬಾಯಲ್ಲಿ ಕಾರ್ಖಾನೆ ಟೆಲ್ಕೊ ಆಗಿಯೇ ಇದೆ. ಕಂಪನಿಗೆ ಅದರಿಂದ ನಷ್ಟವೇನೂ ಆಗಿಲ್ಲ, ಏಕೆಂದರೆ ಟಾಟಾ ಎಂಬ ಮುಖ್ಯ ಪದ ಎರಡೂ ಕಡೆ ಇತ್ತು.

ಮತ್ತೆ ಕೆಲವರು ಹೊಸ ಮುಖ್ಯಸ್ಥರು ಬಂದರು ಎಂಬ ಒಂದೇ ಕಾರಣಕ್ಕೆ ಬದಲಿಸುತ್ತಾರೆ. ಅದನ್ನು ಯಾರೂ ಪತ್ರಿಕಾ ಪ್ರಕಟಣೆಯಲ್ಲಿ ಬರೆಯುವುದಿಲ್ಲ.

ನಮ್ಮ ಕರಾವಳಿಯ, ಕರ್ನಾಟಕದ ಉದಾಹರಣೆಗಳಿವೆಯೇ?

ಬೇಕಾದಷ್ಟಿವೆ. ಮಂಗಳೂರಿನಲ್ಲಿ 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈ ಅವರು ಶುರುಮಾಡಿದ ಸಂಸ್ಥೆಯ ಹೆಸರು ಕೆನರಾ ಹಿಂದೂ ಪರ್ಮನೆಂಟ್ ಫಂಡ್. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ನೂರು ವರ್ಷ ದಾಟಿದರೂ ಆ ಹೆಸರನ್ನು ಮತ್ತೆ ತಿದ್ದುವ ಅಗತ್ಯ ಬೀಳಲಿಲ್ಲ. ಅದೇ 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಸ್ಥಾಪಿಸಿದ ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ತನ್ನ ಹೆಸರಿನಲ್ಲಿ ಉಡುಪಿಯನ್ನೂ ಸೇರಿಸಿಕೊಂಡಿತ್ತು. ಮೊದಲು ಉಡುಪಿ ಹೋಯಿತು, ಆಮೇಲೆ ಕೆನರಾ ಹೋಯಿತು, 1972ರಲ್ಲಿ ಕಾರ್ಪೊರೇಷನ್ ಬ್ಯಾಂಕ್ ಎಂದು ಉಳಿಯಿತು. 1925ರ ಕೆನರಾ ಇಂಡಸ್ಟ್ರಿಯಲ್ ಆ್ಯಂಡ್ ಬ್ಯಾಂಕಿಂಗ್ ಸಿಂಡಿಕೇಟ್ ಕೂಡ ಇದೇ ದಾರಿ ಹಿಡಿದು 1960ರ ದಶಕದಲ್ಲಿ ಸಿಂಡಿಕೇಟ್ ಬ್ಯಾಂಕ್ ಆಯಿತು.

ಒಂದೇ ಜಿಲ್ಲೆಯಲ್ಲಿ ಎಲ್ಲರೂ ಕೆನರಾ ಎಂದರೆ ಠೇವಣಿದಾರರಿಗೆ ಗೊಂದಲ. ಹಾಗಾಗಿ ಒಬ್ಬರು ಕೆನರಾ ಇಟ್ಟುಕೊಂಡರೆ ಉಳಿದವರು ಬಿಟ್ಟದ್ದರಲ್ಲಿ ಅರ್ಥವಿದೆ. ನಮಗೆ ಸಿಂಡಿಕೇಟ್ ಹಿಡಿಸುತ್ತದೆ. ಪಿಗ್ಮಿ ಠೇವಣಿಯ ಜೊತೆಗೆ ಆ ಹೆಸರು ಮನೆಮನೆಗೆ ಹೋಯಿತು. ಕಾರ್ಪೊರೇಷನ್ ಎಂಬುದು ಮಾತ್ರ ಸಪ್ಪೆ. ಮುಂಬಯಿಯಲ್ಲಿ ಆ ಪದ ಕಿವಿಗೆ ಬಿದ್ದರೆ ನೆನಪಾಗುವುದು ಪಾಲಿಕೆಯ ವಾರ್ಡ್ ಕಚೇರಿ. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಕೆನರಾ ಬ್ಯಾಂಕಿನಲ್ಲೂ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲೂ ವಿಲೀನವಾದವು. ಆ ತೀರ್ಮಾನಕ್ಕೂ ಹೆಸರಿಗೂ ಸಂಬಂಧವಿಲ್ಲ.

ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮ್ಸ್ ಎಂಟಿಆರ್ ಆದದ್ದು ಇನ್ನೊಂದು ಬಗೆ. ಲಾಲ್‌ಬಾಗ್ ರಸ್ತೆಯ ಹೋಟೆಲಿಗೆ ಸಾಲು ನಿಂತವರೇ ಎಂಟಿಆರ್ ಎನ್ನುತ್ತಿದ್ದರು. ಪೊಟ್ಟಣದ ರವೆ ಇಡ್ಲಿ ಮಿಶ್ರಣದ ಮೇಲೆ ಆ ಮೂರು ಅಕ್ಷರ ಬಂದಾಗ ಅದು ಯಾರಿಗೂ ಹೊಸದೆನಿಸಲಿಲ್ಲ. ಇನ್ನು ಮೈಸೂರು ಸ್ಯಾಂಡಲ್ ಸೋಪು: 1916ರ ಸರ್ಕಾರಿ ಸಾಬೂನು ಕಾರ್ಖಾನೆ 1980ರಲ್ಲಿ ಕರ್ನಾಟಕ ಸೋಪ್ಸ್ ಆ್ಯಂಡ್ ಡಿಟರ್ಜೆಂಟ್ಸ್ ಕಂಪನಿಯಾಯಿತು, ಸಾಬೂನಿನ ಹೆಸರು ಮಾತ್ರ ಮೈಸೂರು ಸ್ಯಾಂಡಲ್ ಆಗಿಯೇ ಉಳಿಯಿತು. ಕಂಪನಿಯ ಹೆಸರು ಕಾಗದಪತ್ರಕ್ಕೆ, ಮಾಲಿನ ಹೆಸರು ಗಿರಾಕಿಗೆ. ಎರಡನ್ನೂ ಒಟ್ಟಿಗೆ ಬದಲಿಸಲೇಬೇಕೆಂಬ ಕಟ್ಟುಪಾಡು ಇಲ್ಲ.

ಜನ ನಮ್ಮನ್ನು ಏನೆಂದು ಕರೆಯುತ್ತಾರೆ ಎಂದು ತಿಳಿಯುವುದು ಹೇಗೆ? ಸಮೀಕ್ಷೆ ಮಾಡಿಸಬೇಕೇ?

ಬೇಡ. ಸಮೀಕ್ಷೆಯಲ್ಲಿ ಜನ ನಿಮ್ಮನ್ನು ಮೆಚ್ಚಿಸಲು ಮಾತಾಡುತ್ತಾರೆ. ನಾವು ಮೊದಲು ನೋಡುವುದು ಹಾಲಿನವನ ಲೆಕ್ಕದ ಪುಸ್ತಕ. ಬೋರ್ಡಿನ ಮೇಲೆ ಐದು ಪದ ಇದ್ದರೂ ಅವನು ಒಂದೇ ಪದ ಗೀಚಿರುತ್ತಾನೆ, ಕೆಲವೊಮ್ಮೆ ಅದು ನಿಮ್ಮ ತಂದೆಯ ಹೆಸರು. ಬಾಳೆ ಎಲೆ, ತರಕಾರಿ, ಗ್ಯಾಸ್ ತರುವವರ ಚೀಟಿಗಳನ್ನೂ ನೋಡಿ. ಪಾರ್ಸೆಲ್‌ಗೆ ಫೋನ್ ಮಾಡುವವರ ಮೊದಲ ಮಾತನ್ನು ಒಂದು ವಾರ ಗಲ್ಲಾದ ಪಕ್ಕದ ಕಾಗದದಲ್ಲಿ ಬರೆದಿಡಲು ಹುಡುಗನಿಗೆ ಹೇಳಿ. ಸ್ಟೇಷನ್ ಹೊರಗಿನ ರಿಕ್ಷಾದವನಿಗೆ ಪೂರ್ತಿ ಹೆಸರು ಹೇಳಿ; ಅವನು ತಿರುಗಿ ಯಾವ ಹೆಸರಿನಿಂದ ಖಚಿತಪಡಿಸಿಕೊಳ್ಳುತ್ತಾನೆ, ಅದೇ ನಿಮ್ಮ ಹೆಸರು.

ಮಾಟುಂಗಾ ಸ್ಟೇಷನ್ ಬಳಿ ಊಟಕ್ಕೆ ಹೋಗುವವರನ್ನು ಕೇಳಿ ನೋಡಿ. ಬೋರ್ಡಿನಲ್ಲಿ ಎ. ರಾಮ ನಾಯಕ್ ಅವರ ಉಡಿಪಿ ಶ್ರೀಕೃಷ್ಣ ಬೋರ್ಡಿಂಗ್ ಎಂದಿದೆ. ಬಾಯಲ್ಲಿ ಇರುವುದು ರಾಮ ನಾಯಕ್, ಅಷ್ಟೇ. ಅಲ್ಲಿ ಬೋರ್ಡನ್ನು ಗಿಡ್ಡ ಮಾಡಿದರೂ ಉದ್ದ ಇಟ್ಟರೂ ಬಾಳೆ ಎಲೆ ಖಾಲಿ ಉಳಿಯುವುದಿಲ್ಲ. ಹಾಗಿರುವಾಗ ಬದಲಿಸದಿರುವುದೇ ಜಾಣತನ.

'ಉಡುಪಿ' ಎಂಬುದನ್ನು ಹೆಸರಿನಿಂದ ತೆಗೆಯೋಣ ಎಂದು ಮಗಳು ಹೇಳುತ್ತಿದ್ದಾಳೆ. ಸರಿಯೇ?

ನಮಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದೇ, ಜಗಳವೂ ಇದರ ಮೇಲೆಯೇ. ಮಗಳ ವಾದದಲ್ಲಿ ಹುರುಳಿಲ್ಲ ಎನ್ನಲಾಗದು. ಉಡುಪಿ ಎಂದರೆ ಅಗ್ಗದ ಜಾಗ, ಸ್ಟೀಲ್ ಲೋಟ, ಬೇಗ ತಿಂದು ಎದ್ದು ಹೋಗುವ ಸ್ಥಳ ಎಂಬ ಭಾವನೆ ಇದೆ. ಹವಾನಿಯಂತ್ರಿತ ಮಹಡಿ ಮಾಡಿ ಬೆಲೆ ಏರಿಸಬೇಕೆಂದರೆ ಆ ಪದ ಕಾಲಿಗೆ ತೊಡರುತ್ತದೆ. ಮೆನುವಿನಲ್ಲಿ ಪಾವ್ ಭಾಜಿ, ಷೆಜ್ವಾನ್ ದೋಸೆ, ಪನ್ನೀರ್ ಚಿಲ್ಲಿ ಎಲ್ಲ ಬಂದಾಗಿದೆ. ಅಪ್ಪನ ವಾದದಲ್ಲಿಯೂ ಹುರುಳಿದೆ. ಮುಂಬಯಿಯಲ್ಲಿ ಉಡುಪಿ ಎಂಬುದು ಊರಿನ ಹೆಸರಾಗಿ ಉಳಿದಿಲ್ಲ. ಸಸ್ಯಾಹಾರ, ಸ್ವಚ್ಛ ಅಡುಗೆಮನೆ, ಬೆಳಿಗ್ಗೆ ಬೇಗ ತೆರೆಯುವ ಬಾಗಿಲು, ನಂಬಬಹುದಾದ ಬಿಲ್ಲು, ಇಷ್ಟನ್ನೂ ಅಪರಿಚಿತ ಗುಜರಾತಿಗೂ ಮರಾಠಿಗನಿಗೂ ಒಂದೇ ಪದದಲ್ಲಿ ತಲುಪಿಸುವ ಭರವಸೆ ಅದು. ಅದನ್ನು ಕಟ್ಟಿದ್ದು ಎರಡು ಮೂರು ತಲೆಮಾರಿನ ಹೋಟೆಲಿಗರು, ನೀವೊಬ್ಬರೇ ಅಲ್ಲ. ನಿಮಗೆ ಅದು ಬಿಟ್ಟಿ ಸಿಕ್ಕಿದೆ.

ಹಾಗಾಗಿ ನಾವು ಕೇಳುವುದು ಎರಡೇ ವಿಷಯ. ಗಿರಾಕಿ ಹೆಸರಿನ ಯಾವ ಅರ್ಧವನ್ನು ಹೇಳುತ್ತಾನೆ? ನಿಮ್ಮ ಹೋಟೆಲು ಎಲ್ಲಿದೆ?

ಉಪನಗರದ ಒಂದು ಸ್ಟೇಷನ್ನಿನ ಪಶ್ಚಿಮಕ್ಕೆ ಮೆಟ್ಟಿಲಿಳಿದ ಕೂಡಲೇ ಕಾಣುವ ಹೋಟೆಲೊಂದರಲ್ಲಿ ಇದೇ ಪ್ರಶ್ನೆ ಬಂತು. ಹೊಸ ಹೆಸರು ಒಂದೇ ಪದ, ಸಣ್ಣ ಅಕ್ಷರ, ಬೂದು ಹಿನ್ನೆಲೆ, ಮಾದರಿಯೂ ಸಿದ್ಧವಾಗಿತ್ತು. ಫೋನಿನ ಮಾತು ಬರೆದಿಡಲು ಹೇಳಿದೆವು. ಕಾಗದದ ತುಂಬಾ 'ಹಲೋ, ಉಡುಪಿಯಾ?' ಎಂಬುದೇ. ಮನೆತನದ ದೇವರ ಹೆಸರಿನಲ್ಲಿದ್ದ ಮೊದಲರ್ಧವನ್ನು ಹೇಳಿದವರು ಊರಿನವರು ಮಾತ್ರ. ಅಲ್ಲಿ ಉಡುಪಿ ತೆಗೆದರೆ ಉಳಿಯುವುದು ಏನು? ಕೊನೆಗೆ ರಸ್ತೆಯ ಬೋರ್ಡಿನಲ್ಲಿ ಉಡುಪಿಯನ್ನು ದೊಡ್ಡದು ಮಾಡಿದೆವು, ಮಗಳು ಆರಿಸಿದ ಪದವನ್ನು ಮಹಡಿಯ ಹೊಸ ವಿಭಾಗಕ್ಕೆ ಕೊಟ್ಟೆವು. ಹಳೆಯ ಫ್ಲೆಕ್ಸ್ ಬಿಚ್ಚಿದಾಗ ಅದರಡಿ ಕೈಯಿಂದ ಬರೆದ ತಗಡಿನ ಬೋರ್ಡು ಸಿಕ್ಕಿತು, ಕೆಂಪು ಅಕ್ಷರಕ್ಕೆ ಹಳದಿ ನೆರಳು. ಅದನ್ನು ಎಸೆಯಬೇಡಿ ಎಂದು ಹೇಳಿ ಗಲ್ಲಾದ ಹಿಂದೆ ಹಾಕಿಸಿದ್ದು ನಾವೇ. ಗಿರಾಕಿಗಳು ಅದರ ಫೋಟೊ ತೆಗೆದುಕೊಳ್ಳುತ್ತಾರೆ.

ಅದರ ಬದಲು ಒಳಬೀದಿಯಲ್ಲಿ, ವಸತಿ ಸೊಸೈಟಿಗಳ ನಡುವೆ, ದಿನವೂ ಅದೇ ಮುಖಗಳು ಬರುವ ಹೋಟೆಲಾದರೆ ಉತ್ತರ ಬೇರೆ. ಅಲ್ಲಿ ನಿಮ್ಮ ಸ್ವಂತ ಹೆಸರು ಬೇರೂರಿರುತ್ತದೆ. ಉಡುಪಿಯನ್ನು ಕೆಳಗಿನ ಸಣ್ಣ ಸಾಲಿಗೆ ಇಳಿಸಬಹುದು, ಬೇಕಿದ್ದರೆ ತೆಗೆಯಲೂಬಹುದು. ಡಂಕಿನ್ ಮಾಡಿದ್ದು ಇದನ್ನೇ.

ಹಳೆಯ ಬೋರ್ಡಿನಲ್ಲಿ 'ಉಡಿಪಿ' ಎಂಬ ಕಾಗುಣಿತ ಇದೆ. ಸರಿಪಡಿಸಬೇಕೇ?

ಬೇಡ. ಆ ತಪ್ಪಿನಿಂದಾಗಿ ಯಾರೂ ದೋಸೆ ತಿನ್ನದೆ ಹಿಂತಿರುಗಿದ್ದಿಲ್ಲ. ಹಳೆಯ ಕಾಗುಣಿತ ನಿಮ್ಮ ವಯಸ್ಸನ್ನು ನೀವು ಹೇಳದೆಯೇ ಹೇಳುತ್ತದೆ.

ಇನಿಷಿಯಲ್ ಇಟ್ಟರೆ ಹೇಗೆ? ಎಚ್‌ಡಿಎಫ್‌ಸಿ, ಐಸಿಐಸಿಐ, ಕೆಎಫ್‌ಸಿ ಎಲ್ಲ ಗೆದ್ದಿವೆಯಲ್ಲ?

ಗೆದ್ದವರ ಪಟ್ಟಿ ಮಾತ್ರ ನೋಡಬೇಡಿ. ಐಸಿಐಸಿಐ 1955ರಿಂದ, ಎಚ್‌ಡಿಎಫ್‌ಸಿ 1977ರಿಂದ ವ್ಯವಹಾರದಲ್ಲಿದ್ದವು. ಉದ್ದ ಹೆಸರನ್ನು ಹೇಳಲಾರದೆ ಜನರೇ ಅಕ್ಷರಕ್ಕೆ ಇಳಿದರು. ಅಂಥ ದಶಕಗಳು ನಿಮ್ಮ ಕೈಯಲ್ಲಿ ಇಲ್ಲದಿದ್ದರೆ ಮೂರು ಅಕ್ಷರ ಮೂರು ಅಕ್ಷರವಾಗಿಯೇ ಉಳಿಯುತ್ತದೆ, ಏನೂ ನೆನಪಿಗೆ ಬರುವುದಿಲ್ಲ.

ಇನ್ನೊಂದು ತೊಂದರೆ, ಒಂದೇ ಅಕ್ಷರಗಳ ಮೇಲೆ ಹಲವರ ಹಕ್ಕು. ಕೆಎಸ್‌ಆರ್‌ಟಿಸಿ ಪ್ರಕರಣ ನಿಮಗೆ ಗೊತ್ತೇ ಇದೆ. ಕೇರಳ, ಕರ್ನಾಟಕ ಎರಡೂ ರಾಜ್ಯಗಳ ರಸ್ತೆ ಸಾರಿಗೆ ನಿಗಮಗಳಿಗೆ ಇಂಗ್ಲಿಷಿನಲ್ಲಿ ಅದೇ ಇನಿಷಿಯಲ್. ಪೂರ್ತಿ ಹೆಸರಿನಲ್ಲಿ ಒಂದು ಕೇರಳ, ಇನ್ನೊಂದು ಕರ್ನಾಟಕ, ಜಗಳಕ್ಕೆ ಆಸ್ಪದವೇ ಇಲ್ಲ. ಮೊಟಕಾದ ಕೂಡಲೇ ಟ್ರೇಡ್‌ಮಾರ್ಕ್ ವ್ಯಾಜ್ಯ ವರ್ಷಗಟ್ಟಲೆ ನಡೆಯಿತು. 2023ರ ಡಿಸೆಂಬರ್‌ನಲ್ಲಿ ಮದ್ರಾಸ್ ಹೈಕೋರ್ಟ್ ಕೇರಳದ ಅರ್ಜಿಯನ್ನು ವಜಾಗೊಳಿಸಿದ ಮೇಲೆ ಕರ್ನಾಟಕಕ್ಕೆ ನಿರಾಳವಾಯಿತು. ಸರ್ಕಾರಿ ನಿಗಮಗಳಿಗೆ ವಕೀಲರಿದ್ದಾರೆ. 'ಎಸ್‌ಕೆಬಿ' ಎಂದು ಬೋರ್ಡು ಹಾಕಿದ ಹೋಟೆಲಿನವರು ಮುಂಬಯಿಯಲ್ಲಿ ಇನ್ನೆಷ್ಟು ಎಸ್‌ಕೆಬಿಗಳೊಂದಿಗೆ ಹೊಡೆದಾಡುತ್ತಾರೆ?

ಕೆಎಫ್‌ಸಿಯದು ಬೇರೆಯೇ ಪಾಠ. ಕೆಂಟಕಿ ಫ್ರೈಡ್ ಚಿಕನ್ 1991ರಲ್ಲಿ ಮೂರು ಅಕ್ಷರಕ್ಕೆ ಇಳಿದಾಗ, ಅವರು ಬಡಿಸುವುದು ನಿಜವಾದ ಕೋಳಿಯಲ್ಲ, ಅದಕ್ಕೇ ಆ ಪದವನ್ನು ಕೈಬಿಟ್ಟರು ಎಂಬ ಶುದ್ಧ ಸುಳ್ಳು ವರ್ಷಗಟ್ಟಲೆ ಹಬ್ಬಿತು. ಹೆಸರಿನಿಂದ ಒಂದು ಪದ ತೆಗೆದರೆ ಏಕೆ ತೆಗೆದಿರಿ ಎಂದು ನೀವೇ ಹೇಳಬೇಕು, ಇಲ್ಲವಾದರೆ ಬೇರೆಯವರು ಹೇಳುತ್ತಾರೆ. 'ಶುದ್ಧ ಸಸ್ಯಾಹಾರಿ' ಎಂಬುದನ್ನು ಬೋರ್ಡಿನಿಂದ ಕೈಬಿಡಲು ಹೊರಟವರಿಗೆ ನಾವು ಈ ಕಥೆಯನ್ನು ತಪ್ಪದೆ ಹೇಳುತ್ತೇವೆ.

ಬೋರ್ಡು ಮರಾಠಿಯಲ್ಲೂ ಇರಬೇಕಲ್ಲ, ಗಿಡ್ಡ ಹೆಸರು ಅಲ್ಲಿ ಹೇಗೆ ಕಾಣುತ್ತದೆ?

ಬಹಳ ಜನ ಇದನ್ನು ಮರೆತೇಬಿಡುತ್ತಾರೆ. ಅಂಗಡಿಗಳ ಕಾಯ್ದೆಗೆ ಬಂದ 2022ರ ತಿದ್ದುಪಡಿಯ ಪ್ರಕಾರ ಮಹಾರಾಷ್ಟ್ರದಲ್ಲಿ ಹತ್ತಕ್ಕಿಂತ ಕಡಿಮೆ ಕೆಲಸಗಾರರಿರುವ ಅಂಗಡಿಯೂ ದೇವನಾಗರಿ ಲಿಪಿಯ ಮರಾಠಿ ಬೋರ್ಡು ಹಾಕಬೇಕು. ಬೇರೆ ಲಿಪಿಯ ಅಕ್ಷರ ಮರಾಠಿಯದಕ್ಕಿಂತ ದೊಡ್ಡದಿರಬಾರದು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂಬಯಿಯ ವ್ಯಾಪಾರಿಗಳಿಗೆ ಎರಡು ತಿಂಗಳ ಗಡುವು ಕೊಟ್ಟದ್ದು, ಆಗ ನಮ್ಮಂಥ ಬೋರ್ಡಿನವರಿಗೆ ನಿದ್ದೆ ಇಲ್ಲದಂತಾದದ್ದು ನೆನಪಿರಬಹುದು.

ಇಂಗ್ಲಿಷಿನ ಇನಿಷಿಯಲ್ ದೇವನಾಗರಿಗೆ ಬಂದರೆ ಗಿಡ್ಡತನ ಮಾಯ. ಕನ್ನಡದಲ್ಲೂ ಅಷ್ಟೇ: ಇಂಗ್ಲಿಷಿನಲ್ಲಿ ನಾಲ್ಕು ಅಕ್ಷರ ಹಿಡಿಯುವ ಎಚ್‌ಡಿಎಫ್‌ಸಿ ಇಲ್ಲಿ ಒತ್ತು, ಅರ್ಧಾಕ್ಷರಗಳೊಂದಿಗೆ ಅಗಲವಾಗಿ ಹರಡುತ್ತದೆ. 'ಶಾರದಾ' ಎಂಬ ಪೂರ್ತಿ ಹೆಸರು ಅದಕ್ಕಿಂತ ಕಡಿಮೆ ಜಾಗದಲ್ಲಿ ಕೂರುತ್ತದೆ, ಓದಲೂ ಸುಲಭ. ಮಾದರಿ ನೋಡುವಾಗ ಇಂಗ್ಲಿಷ್ ಸಾಲನ್ನು ಕೈಯಿಂದ ಮುಚ್ಚಿ ಮರಾಠಿ ಸಾಲು ಮಾತ್ರ ಓದಿ. ಅಲ್ಲಿ ಸೊಗಸಿಲ್ಲದಿದ್ದರೆ ಈ ರಾಜ್ಯದಲ್ಲಿ ಆ ಹೆಸರಿಗೆ ಸೊಗಸಿಲ್ಲ.

ಮದ್ಯ ಮಾರುವ ಪರವಾನಗಿ ಇರುವವರಿಗೆ ಒಂದು ಎಚ್ಚರಿಕೆ: ಮಹಾಪುರುಷರ, ಕೋಟೆಗಳ ಹೆಸರನ್ನು ಅಂಥ ಜಾಗಕ್ಕೆ ಇಡುವಂತಿಲ್ಲ.

ನಮ್ಮ ಹೆಸರಿನಲ್ಲಿ 'ಬಾಂಬೆ' ಇದೆ. 'ಮುಂಬಯಿ' ಮಾಡಬೇಕೇ?

ನಗರದ ಹೆಸರು 1995ರಲ್ಲಿ ಬದಲಾಯಿತು. ಬಾಂಬೆ ಹೈಕೋರ್ಟ್, ಐಐಟಿ ಬಾಂಬೆ, ಬಾಂಬೆ ಡೈಯಿಂಗ್ ಹಳೆಯ ಹೆಸರಿನಲ್ಲೇ ಇವೆ. ಬಾಂಬೆ ಸ್ಟಾಕ್ ಎಕ್ಸ್‌ಚೇಂಜ್ 2011ರಲ್ಲಿ ಅಧಿಕೃತವಾಗಿ ಬಿಎಸ್‌ಇ ಲಿಮಿಟೆಡ್ ಆಯಿತು. ಬಾಂಬೆ ಅಲ್ಲಿ ಒಂದು ಅಕ್ಷರದೊಳಗೆ ಅಡಗಿ ಕೂತಿದೆ. ಖಾಸಗಿ ವ್ಯಾಪಾರಕ್ಕೆ ಒತ್ತಾಯವೇನಿಲ್ಲ. ಆದರೆ ಹೊಸದಾಗಿ ಬೋರ್ಡು ಮಾಡಿಸುವವರಿಗೆ ಆ ಪದವನ್ನು ಹೊಸದಾಗಿ ಸೇರಿಸಬೇಡಿ ಎನ್ನುತ್ತೇವೆ, ಕಾರಣ ನಿಮಗೆ ಗೊತ್ತು.

ಕೈಸುಟ್ಟುಕೊಂಡವರು ಯಾರು?

ಬ್ರಿಟನ್ನಿನ ಅಂಚೆ ಸಂಸ್ಥೆ 2001ರಲ್ಲಿ ತನ್ನನ್ನು ಕನ್ಸೀನಿಯಾ ಎಂದು ಕರೆದುಕೊಂಡಿತು. ಅಂಚೆ ಎಂಬ ಸುಳಿವೇ ಇಲ್ಲದ ಹೆಸರು. ಜನ ನಕ್ಕರು, ನೌಕರರು ಮುನಿದರು, 2002ರ ಕೊನೆಗೆ ರಾಯಲ್ ಮೇಲ್ ಮರಳಿತು. ಅದೇ ದೇಶದ ಹೂಡಿಕೆ ಸಂಸ್ಥೆ ಸ್ಟ್ಯಾಂಡರ್ಡ್ ಲೈಫ್ ಅಬರ್ಡೀನ್ 2021ರಲ್ಲಿ ಅಬರ್ಡೀನ್ ಎಂಬುದರ ಮೊದಲ ಸ್ವರವೊಂದನ್ನು ಬಿಟ್ಟು ಉಳಿದ ಸ್ವರಗಳನ್ನೆಲ್ಲ ಕಿತ್ತುಹಾಕಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ abrdn ಎಂದು ಬರೆಯತೊಡಗಿತು. ಪತ್ರಿಕೆಗಳಿಗೆ ಗೇಲಿಯ ಹಬ್ಬ. 2025ರ ಮಾರ್ಚ್‌ನಲ್ಲಿ ಸ್ವರಗಳು ವಾಪಸ್ ಬಂದವು. ಎಚ್‌ಬಿಒ ಮ್ಯಾಕ್ಸ್ ಎಂಬ ಸಿನಿಮಾ–ಧಾರಾವಾಹಿ ಸೇವೆ 2023ರಲ್ಲಿ ಎಚ್‌ಬಿಒ ಬಿಟ್ಟು ಬರೀ ಮ್ಯಾಕ್ಸ್ ಆಯಿತು, 2025ರ ಜುಲೈನಲ್ಲಿ ಮತ್ತೆ ಎಚ್‌ಬಿಒ ಮ್ಯಾಕ್ಸ್ ಆಯಿತು. ಇದು ಎಲ್ಲಕ್ಕಿಂತ ವಿಚಿತ್ರ: ಎರಡು ಪದಗಳಲ್ಲಿ ಬೆಲೆಬಾಳುವುದನ್ನು ಬಿಸಾಡಿ ಯಾರಾದರೂ ಇಡಬಹುದಾದ ಪದವನ್ನು ಉಳಿಸಿಕೊಂಡರು.

ಇಲ್ಲೊಂದು ಎಚ್ಚರ ಬೇಕು. ತೂಕ ಇಳಿಸಲು ನೆರವಾಗುವ ಅಮೆರಿಕದ ಸಂಸ್ಥೆ ವೇಟ್ ವಾಚರ್ಸ್ 2018ರಲ್ಲಿ ಎರಡು ಅಕ್ಷರಕ್ಕೆ ಇಳಿಯಿತು, 2025ರ ಮೇ ತಿಂಗಳಲ್ಲಿ ದಿವಾಳಿ ರಕ್ಷಣೆ ಕೋರಿತು. ಹೆಸರು ಮೊಟಕಾದದ್ದಕ್ಕೇ ಮುಳುಗಿತು ಎಂದು ಕೆಲವರು ಬರೆದರು. ಮುಳುಗಿಸಿದ್ದು ಸಾಲದ ಹೊರೆ ಮತ್ತು ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು. ನಮ್ಮಲ್ಲಿ ವೊಡಾಫೋನ್ ಐಡಿಯಾ 2020ರ ಸೆಪ್ಟೆಂಬರ್‌ನಲ್ಲಿ ವಿಐ ಆಗಿ ಬಂದದ್ದೂ ಇಂಥದೇ. ಗುರುತು ಚೆನ್ನಾಗಿಯೇ ಇತ್ತು. ಆದರೆ ಸರ್ಕಾರಕ್ಕೆ ಕಟ್ಟಬೇಕಾದ ಬಾಕಿ, ಸಾಲ, ನೆಟ್‌ವರ್ಕಿನ ಪಾಡು ಹಾಗೆಯೇ ಉಳಿದವು, ಚಂದಾದಾರರು ಕರಗುತ್ತಲೇ ಹೋದರು. ಹೆಸರು ಮುಳುಗಿಸುವುದೂ ಅಪರೂಪ, ತೇಲಿಸುವುದೂ ಅಪರೂಪ.

ಹೆಸರನ್ನು ಪೂರ್ತಿ ಬದಲಿಸಿ ಗೆದ್ದವರಿಲ್ಲವೇ?

ಇದ್ದಾರೆ. ಯುಟಿಐ ಬ್ಯಾಂಕ್ 2007ರಲ್ಲಿ ಆ್ಯಕ್ಸಿಸ್ ಬ್ಯಾಂಕ್ ಆಯಿತು. ಯುಟಿಐ ಹೆಸರು ಬೇರೆ ಸಂಸ್ಥೆಗಳದ್ದೂ ಆಗಿತ್ತು, ಅದನ್ನು ಬಳಸುವ ಪರವಾನಗಿಯ ಅವಧಿ ಮುಗಿಯುತ್ತಾ ಬಂದಿತ್ತು. ಶಾಖೆ, ಎಟಿಎಂ, ಚೆಕ್ಕು, ಜಾಹೀರಾತು ಎಲ್ಲವೂ ಒಟ್ಟಿಗೆ ಬದಲಾದವು. ಬಲವಂತಕ್ಕೆ ಬದಲಿಸುವವರು ಕೆಲವೊಮ್ಮೆ ಚೆನ್ನಾಗಿ ಬದಲಿಸುತ್ತಾರೆ, ಏಕೆಂದರೆ ಅರೆಮನಸ್ಸಿಗೆ ಅವಕಾಶವಿರುವುದಿಲ್ಲ. 2020ರಲ್ಲಿ ಹಿಂದೂಸ್ತಾನ್ ಯೂನಿಲಿವರ್ ಫೇರ್ ಆ್ಯಂಡ್ ಲವ್ಲಿಯನ್ನು ಗ್ಲೋ ಆ್ಯಂಡ್ ಲವ್ಲಿ ಮಾಡಿದಾಗ ಒಂದೇ ಪದ ಬದಲಿಸಿ ಉಳಿದದ್ದನ್ನು ಕಾಪಾಡಿಕೊಂಡಿತು. ಅಂಗಡಿಯವನ ಕೈ ತಾನಾಗಿಯೇ ಅದೇ ಕಪಾಟಿಗೆ ಹೋಗುತ್ತದೆ.

ಆದರೆ ಹೋಟೆಲಿಗೆ ಆ್ಯಕ್ಸಿಸ್ ಬ್ಯಾಂಕಿನ ಜಾಹೀರಾತು ಬಜೆಟ್ ಇಲ್ಲ. ಪಾಲುದಾರರು ಬೇರೆಯಾಗಿ ಹೆಸರು ಅಣ್ಣನ ಕಡೆ ಹೋದರೆ, ತಮ್ಮನು ಹೊಸ ಹೆಸರಿನಲ್ಲಿ ಹಳೆಯ ಹೆಸರಿನ ಒಂದು ತುಂಡನ್ನಾದರೂ ಉಳಿಸಿಕೊಳ್ಳಲು ವಿಭಜನೆಯ ಕರಾರಿನಲ್ಲೇ ಬರೆಸಿಕೊಳ್ಳಲಿ. ಆಮೇಲೆ ಕೇಳಿದರೆ ಸಿಗುವುದಿಲ್ಲ.

ಲೋಗೊ ಮಾತ್ರ ಹೊಸದು ಮಾಡಿದರೆ ಅಪಾಯವಿಲ್ಲವಲ್ಲ?

ಇದೆ. ಹಣ್ಣಿನ ರಸ ಮಾರುವ ಟ್ರೊಪಿಕಾನಾ 2009ರಲ್ಲಿ ಕಿತ್ತಳೆಹಣ್ಣಿಗೆ ಸ್ಟ್ರಾ ಚುಚ್ಚಿದ ಚಿತ್ರವನ್ನು ತೆಗೆದು ಡಬ್ಬಿಯನ್ನು ಸರಳ ಮಾಡಿತು. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ 20ರಷ್ಟು ಕುಸಿದು ಹಳೆಯ ಡಬ್ಬಿ ಮರಳಿತು. ಹೆಸರು ಅದೇ ಇತ್ತು, ರಸವೂ ಅದೇ. ಕಪಾಟಿನಲ್ಲಿ ಹುಡುಕುವ ಕಣ್ಣಿಗೆ ಸಿಗಲಿಲ್ಲ ಅಷ್ಟೇ. ಗ್ಯಾಪ್ ಬಟ್ಟೆ ಕಂಪನಿ 2010ರಲ್ಲಿ ಹೊಸ ಲೋಗೊ ಹಾಕಿ ಒಂದು ವಾರದಲ್ಲಿ ಹಿಂತೆಗೆದುಕೊಂಡಿತು. ಮಸಾಲೆ ಪುಡಿ ಮಾರುವವರು ಟ್ರೊಪಿಕಾನಾದ ಕಥೆಯನ್ನು ಎರಡು ಸಲ ಓದಲಿ. ನಿಮ್ಮ ಗಿರಾಕಿ ಅಕ್ಷರ ಓದುವುದಿಲ್ಲ, ಪೊಟ್ಟಣದ ಬಣ್ಣ ನೋಡಿ ಕೈ ಹಾಕುತ್ತಾಳೆ.

ಹೆಸರು ಬದಲಿಸಿದರೆ ಷೇರಿನ ಬೆಲೆ ಏರುತ್ತದೆ ಎನ್ನುತ್ತಾರೆ, ನಿಜವೇ?

ಹುಚ್ಚು ಹಿಡಿದ ಮಾರುಕಟ್ಟೆಯಲ್ಲಿ ಏರುತ್ತದೆ. 1998–99ರಲ್ಲಿ ಹೆಸರಿಗೆ ಡಾಟ್‌ಕಾಮ್ ಸೇರಿಸಿಕೊಂಡ ಅಮೆರಿಕದ 95 ಕಂಪನಿಗಳ ಷೇರುಗಳು ಘೋಷಣೆಯ ಆಸುಪಾಸಿನ ಹತ್ತು ದಿನಗಳಲ್ಲಿ ಮಾರುಕಟ್ಟೆಗಿಂತ ಸುಮಾರು ಶೇ 74ರಷ್ಟು ಹೆಚ್ಚು ಗಳಿಸಿದ್ದವು ಎಂದು 2001ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇಂಟರ್‌ನೆಟ್ಟಿಗೂ ಅವುಗಳಲ್ಲಿ ಕೆಲವಕ್ಕೂ ಸಂಬಂಧವೇ ಇರಲಿಲ್ಲ. 2017ರ ಡಿಸೆಂಬರ್‌ನಲ್ಲಿ ಐಸ್ಡ್ ಟೀ ಮಾರುತ್ತಿದ್ದ ಕಂಪನಿಯೊಂದು ಲಾಂಗ್ ಬ್ಲಾಕ್‌ಚೈನ್ ಎಂದು ಹೆಸರು ಬದಲಿಸಿದ ದಿನ ಷೇರು ಎರಡು ಪಟ್ಟಿಗೂ ಮೇಲೇರಿತು, ಮರುವರ್ಷ ಅಲ್ಲಿನ ಷೇರುಪೇಟೆ ನ್ಯಾಸ್ಡಾಕ್ ಅದನ್ನು ಹೊರಹಾಕಿತು. ನಮ್ಮಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಇದಕ್ಕೆ ಲಗಾಮು ಹಾಕಿದೆ: ಷೇರುಪೇಟೆಯಲ್ಲಿ ಪಟ್ಟಿಯಾದ ಕಂಪನಿ ಒಂದು ಸಲ ಹೆಸರು ಬದಲಿಸಿದ ಮೇಲೆ ಕನಿಷ್ಠ ಒಂದು ವರ್ಷ ಕಾಯಬೇಕು, ಹೊಸ ಹೆಸರು ಹೊಸ ಉದ್ಯಮವನ್ನು ಸೂಚಿಸುವುದಾದರೆ ಆದಾಯದ ಅರ್ಧವಾದರೂ ಅದರಿಂದ ಬಂದಿರಬೇಕು, ಇಲ್ಲವೇ ಆಸ್ತಿಯ ಅರ್ಧದಷ್ಟಾದರೂ ಹಣವನ್ನು ಅದರಲ್ಲಿ ಹೂಡಿರಬೇಕು. ನಿಮ್ಮ ಕ್ಯಾಟರಿಂಗ್ ವ್ಯವಹಾರಕ್ಕೆ ಇದ್ಯಾವುದೂ ತಟ್ಟುವುದಿಲ್ಲ.

ಟ್ರೇಡ್‌ಮಾರ್ಕ್ ಹಳೆಯ ಹೆಸರಿನಲ್ಲಿದೆ. ಗಿಡ್ಡ ಹೆಸರಿಗೆ ಅದೇ ಸಾಕೇ?

ಹೆಚ್ಚಿನ ಸಲ ಸಾಲದು. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ 59ನೇ ಕಲಂ ಗುರುತಿನ ಸ್ವರೂಪಕ್ಕೆ ಧಕ್ಕೆಯಾಗದಂಥ ಸಣ್ಣ ತಿದ್ದುಪಡಿಗಷ್ಟೇ ಅವಕಾಶ ಕೊಡುತ್ತದೆ. ಎರಡು ಪದ ಕಿತ್ತುಹಾಕಿದರೆ ಹೊಸ ಅರ್ಜಿ ಹಾಕಿ. ನೋಂದಣಿಗಾಗಿ ಸರಕು, ಸೇವೆಗಳನ್ನು ವರ್ಗಗಳಾಗಿ ವಿಂಗಡಿಸಿದ್ದಾರೆ; ಆನ್‌ಲೈನ್ ಶುಲ್ಕ ಒಂದು ವರ್ಗಕ್ಕೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ₹4,500, ಉಳಿದವರಿಗೆ ₹9,000. ಹೋಟೆಲು 43ನೇ ವರ್ಗ; ಕಾಫಿ ಪುಡಿ, ಮಸಾಲೆ, ಸಿಹಿತಿಂಡಿ 30ನೇ ವರ್ಗ. ಹೋಟೆಲಿನ ಹೆಸರಿನಲ್ಲಿ ಚಟ್ನಿಪುಡಿ ಮಾರುವವರು ಎರಡನ್ನೂ ಮಾಡಿಸಲಿ. ನೋಂದಣಿ ಕಚೇರಿಯ ಮುಖ್ಯಾಲಯ ಆಂಟಾಪ್ ಹಿಲ್‌ನಲ್ಲಿದೆ, ಮಾಟುಂಗಾದಿಂದ ದೂರವೇನಿಲ್ಲ, ಆದರೆ ಕೆಲಸವೆಲ್ಲ ಈಗ ಮನೆಯಿಂದಲೇ ಆಗುತ್ತದೆ. ಹೆಸರು ಖಾಲಿ ಇದೆಯೇ ಎಂದು ಹುಡುಕುವುದಕ್ಕೆ ಹಣ ಕೊಡಬೇಕಿಲ್ಲ. ಬೋರ್ಡಿಗೆ ಮುಂಗಡ ಕೊಡುವ ಮೊದಲು ಹುಡುಕಿ.

ಎಲ್ಲವನ್ನೂ ತೆಗೆದು 'ಉಡುಪಿ' ಒಂದನ್ನೇ ಉಳಿಸಿಕೊಳ್ಳುವ ಆಸೆ ಬೇಡ. ಊರಿನ ಹೆಸರನ್ನು ಒಬ್ಬರ ಸ್ವತ್ತು ಮಾಡಲು ಕಾಯ್ದೆ ಸುಲಭವಾಗಿ ಒಪ್ಪುವುದಿಲ್ಲ.

ಬೇರೆ ಯಾವ ಕಾಗದಪತ್ರ ಬದಲಾಗಬೇಕು?

ಜಿಎಸ್‌ಟಿಯಲ್ಲಿ ವ್ಯಾಪಾರನಾಮ ಬದಲಾದರೆ 15 ದಿನಗಳಲ್ಲಿ ತಿದ್ದುಪಡಿ ಅರ್ಜಿ ಹಾಕಬೇಕು. ಆಹಾರ ಪರವಾನಗಿ, ಅಂಗಡಿ ನೋಂದಣಿ, ಬ್ಯಾಂಕ್ ಖಾತೆ, ಯುಪಿಐ ಕ್ಯೂಆರ್ ಕೂಡ. ಕೊನೆಯದನ್ನು ಮರೆತರೆ ಗಿರಾಕಿ ಹಣ ಕಳಿಸುವಾಗ ಪರದೆಯ ಮೇಲೆ ಬೇರೆ ಹೆಸರು ಕಂಡು 'ಇದು ನಿಮ್ಮದೇನಾ?' ಎಂದು ಗಲ್ಲಾದ ಮುಂದೆ ನಿಲ್ಲುತ್ತಾನೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಹಿಂದೆ ಸಾಲು ಬೆಳೆಯುತ್ತದೆ. ಪ್ರೈವೇಟ್ ಲಿಮಿಟೆಡ್ ಆದರೆ ವಿಶೇಷ ಗೊತ್ತುವಳಿ ಬೇಕು, ಎರಡು ವರ್ಷ ಬೋರ್ಡಿನಲ್ಲೂ ಲೆಟರ್‌ಹೆಡ್ಡಿನಲ್ಲೂ ಹಳೆಯ ಹೆಸರನ್ನು ಜೊತೆಗೆ ತೋರಿಸಬೇಕು. ಉಳಿದದ್ದಕ್ಕೆ ನಿಮ್ಮ ಸಿಎ ಇದ್ದಾರೆ.

ಸಂಖ್ಯಾಶಾಸ್ತ್ರದವರು ಒಂದು ಅಕ್ಷರ ಹೆಚ್ಚು ಸೇರಿಸಲು ಹೇಳಿದ್ದಾರೆ.

ಅಕ್ಷರಕ್ಕೆ ಇಷ್ಟು ಎಂದು ನಾವು ದರ ಹಾಕುತ್ತೇವೆ. ಮಿಕ್ಕದ್ದು ನಿಮ್ಮಿಷ್ಟ.

ಹೆಸರು ಬದಲಿಸಿ ಆಯಿತು, ಜನ ಹಳೆಯದನ್ನೇ ಹೇಳುತ್ತಿದ್ದಾರೆ. ಏನು ಮಾಡಬೇಕು?

ತಿದ್ದಲು ಹೋಗಬೇಡಿ. ವಿಕ್ಟೋರಿಯಾ ಟರ್ಮಿನಸ್ ರೈಲು ನಿಲ್ದಾಣ 1996ರಲ್ಲಿ ಸಿಎಸ್‌ಟಿ, 2017ರಲ್ಲಿ ಸಿಎಸ್‌ಎಂಟಿ ಆಯಿತು, ಟ್ಯಾಕ್ಸಿಯವನಿಗೆ ವಿ.ಟಿ. ಎಂದರೆ ಇವತ್ತಿಗೂ ಸಾಕು. ಫೋನಿನಲ್ಲಿ ಹಳೆಯ ಹೆಸರು ಕೇಳಿದವರಿಗೆ 'ಹೌದು, ಹೇಳಿ' ಎನ್ನಲು ಹುಡುಗರಿಗೆ ಕಲಿಸಿ. ಹಳೆಯ ಫೋನ್ ನಂಬರು, ಹಳೆಯ ವೆಬ್‌ಸೈಟ್ ವಿಳಾಸ ಬಿಡಬೇಡಿ. ಗೂಗಲ್ ನಕ್ಷೆಯಲ್ಲಿ ಹೊಸ ಖಾತೆ ತೆರೆಯದೆ ಹಳೆಯದರ ಹೆಸರನ್ನೇ ತಿದ್ದಿ, ಇಲ್ಲವಾದರೆ ಬಂದ ಅಭಿಪ್ರಾಯಗಳೆಲ್ಲ ಹಳೆಯ ಖಾತೆಯಲ್ಲೇ ಉಳಿಯುತ್ತವೆ.

ಹಳೆಯ ಟ್ರೇಡ್‌ಮಾರ್ಕನ್ನು ಹತ್ತು ವರ್ಷಕ್ಕೊಮ್ಮೆ ನವೀಕರಿಸಿ, ಜೊತೆಗೆ ಬಳಕೆಯಲ್ಲೂ ಇಡಿ. ಐದು ವರ್ಷಕ್ಕೂ ಹೆಚ್ಚು ಕಾಲ ಬಳಸದಿದ್ದರೆ ಅದನ್ನು ರದ್ದು ಮಾಡಿಸಲು ಬೇರೊಬ್ಬರು ಅರ್ಜಿ ಹಾಕಬಹುದು, ರದ್ದಾದ ಹೆಸರನ್ನು ಎದುರಿನ ಅಂಗಡಿಯವರೇ ಇಟ್ಟುಕೊಳ್ಳಬಹುದು. ಕ್ಯಾಟರಿಂಗ್ ವಿಭಾಗಕ್ಕೋ, ಒಂದು ಬಗೆಯ ಚಟ್ನಿಪುಡಿಗೋ ಹಳೆಯ ಹೆಸರನ್ನು ಕೊಟ್ಟು ಬಿಲ್ಲುಗಳನ್ನು ಜೋಪಾನ ಮಾಡಿಟ್ಟರೆ, ಆ ವರ್ಗದಲ್ಲಿ ಬಳಕೆಗೆ ಸಾಕ್ಷಿ ಕೈಯಲ್ಲಿರುತ್ತದೆ.